ಷರಾ

ಲಿಂಗಸುಗೂರಿನಿಂದ ಹಟ್ಟಿಗೆ ಹೋಗುವ ದಾರಿ ಬಿಟ್ಟು
ಬಲಕ್ಕೆ ಮೂರು ಮೈಲು,
ಕಡಲೆ ಕಿತ್ತಾದ ಮೇಲಿನ ಹೊಲ.
ಫಾಲ್ಗುಣದ ಬಿಸಿಲಿಗೆ ಎರೆ ಬಾಯಿ ಬಿಟ್ಟಿದೆ,
ನನ್ನ ಕೈ ಮೊಣಕೈವರೆಗೆ ಸಲೀಸಾಗಿ ಇಳಿಯುವಷ್ಟು.
ನಾನು ಅಳೆಯಲು ಬಂದವಳು:
ಟೇಪು, ಸೂತ್ರದ ಗುಂಡು, ಬಣ್ಣ ಹೋಲಿಸುವ ಪುಸ್ತಕ,
ಕಚೇರಿಯ ನಮೂನೆ, ಹದಿನೇಳು ಅಂಕಣ.

ಮೊದಲ ಅಂಕಣ ಬಣ್ಣ.
'ಕಪ್ಪು' ಎಂದು ಬರೆದೆ. ಪಕ್ಕದಲ್ಲಿ ನಿಂತ ಯಮನವ್ವ
ಹೆಂಟೆಯೊಂದಕ್ಕೆ ತಂಬಿಗೆಯ ನೀರು ಚಿಮುಕಿಸಿ
'ಈಗ ಬರೀರಿ' ಅಂದಳು.
ಒಣಗಿದಾಗ ಬೂದಿ ಹತ್ತಿದ ಹಂಚು,
ನೆಂದಾಗ ಎಮ್ಮೆಯ ಮೂಗು.
ಪುಸ್ತಕದ ಯಾವ ಹಾಳೆಯಲ್ಲೂ ಎಮ್ಮೆ ಇರಲಿಲ್ಲ.

ಹೊಂಡ ತೋಡಿಸಿದೆ, ಆಳುದ್ದ.
ತೋಡಿದವನು ಖಾಜೇಸಾಬ; ಗುದ್ದಲಿಗೆ ಅಂಟಿದ್ದನ್ನು
ಮುರಿದ ಕುಡಗೋಲಿನಿಂದ ಕೆರೆದು ಕೆರೆದು ಬೈಯುತ್ತಿದ್ದ.
ಮೇಲೆ ಗೋಲಿಯಷ್ಟು ಹೆಂಟೆ, ಪುಡಿ.
ಮೊಣಕಾಲಾಳಕ್ಕೆ ತಂಪು. ಸೊಂಟದಾಳಕ್ಕೆ
ಮಣ್ಣನ್ನು ಮಣ್ಣೇ ಉಜ್ಜಿ ಹೊಳಪಿಟ್ಟ ಕನ್ನಡಿಗಳು,
ಓರೆಯಾಗಿ, ಒಂದರ ಮೇಲೊಂದು ಜಾರಿ ನಿಂತವು.
ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ,
ಜಾಗ ಸಾಲದೆ ಒಂದನ್ನೊಂದು ತಳ್ಳಿದ ಗುರುತು:
ಒಂದೇ ಕೌದಿಯಲ್ಲಿ ಮಲಗಿದ ಏಳು ಮಕ್ಕಳ ಹಾಗೆ.
ಅದರ ಕೆಳಗೆ ಸುಣ್ಣದ ಹರಳು,
ಅದರ ಕೆಳಗೆ ಕಲ್ಲು.
ಕಲ್ಲಿಗೆ ದಿಂಬಿನ ಆಕಾರ.

ಖಾಜೇಸಾಬನಿಗೆ ಹೇಳಿದೆ: ಇದು ಒಂದು ಕಾಲಕ್ಕೆ
ಕುದಿಯುತ್ತಿತ್ತು. ನೀರಿನ ತಳದಲ್ಲಿ ಉಕ್ಕಿ,
ನೀರು ಮುಟ್ಟಿದ್ದೇ ಸಿಪ್ಪೆಗಟ್ಟಿ, ಹೀಗೆ ದುಂಡಗೆ ತಣಿಯಿತು.
ಅವನು ಹೊಂಡದೊಳಗಿಂದ ತಲೆ ಎತ್ತಿ
ನಾಲ್ಕೂ ದಿಕ್ಕಿಗೆ ನೋಡಿದ.
'ನೀರಿತ್ತು ಅಂತೀರಿ,' ಅಂದ.
ಬೆಂಕಿಯ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ.

ಯಮನವ್ವನ ತಕರಾರು ಬೇರೆ.
ಮದುವೆಯಾದ ಮೂರನೆಯ ವರ್ಷ, ಇದೇ ಹೊಲ, ಇದೇ ತಿಂಗಳು,
ಹತ್ತಿಕಟ್ಟಿಗೆ ಕೀಳುವಾಗ ಕಾಲುಂಗುರ ಬಿರುಕಿಗೆ ಬಿತ್ತು.
ಠಣ್ ಅನ್ನಲಿಲ್ಲ. ಅದೇ ಅವಳಿಗೆ ಇನ್ನೂ ಸಿಟ್ಟು.
ಅತ್ತೆ ಹತ್ತಿಕಡ್ಡಿ ಇಳಿಬಿಟ್ಟಳು, ಮೈದುನ ಸೈಕಲ್ಲಿನ ತಂತಿ.
ಆಮೇಲೆ ಮಳೆ. ಎರೆ ಬಾಯಿ ಮುಚ್ಚಿತು;
ನಡೆದವರ ಚಪ್ಪಲಿಯನ್ನೂ ಇಟ್ಟುಕೊಂಡಿತು.

'ಎರಿ ಸುಮ್ನ ಕುಂದ್ರೂದಿಲ್ರಿ ಅಕ್ಕಾರ.
ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ.
ಮಸಾರಿಯವರಂಗ ನಾವು ವರ್ಷಾ ರಂಟಿ ಹೊಡಿಯೂದಿಲ್ಲ,
ತನ್ನ ಹೊಲ ತಾನ ಹರಗಿಕೊಂತೈತಿ.'

ಅಂದು, ಸೆರಗಿನ ಗಂಟು ಬಿಚ್ಚಿದಳು.
ಒಳಗೆ ಶಂಖದ ಬಳೆಯ ತುಂಡು, ಕಿರುಬೆರಳಿನಷ್ಟು,
ಮೇಲೆ ಮೂರು ಗೆರೆ ಕೆತ್ತಿದ್ದು.
ಹೋದ ವರ್ಷ ಕಳೆ ತೆಗೆಯುವಾಗ
ಮಣ್ಣು ತಾನಾಗಿ ಮೇಲಿಟ್ಟಿತ್ತಂತೆ.
ಈ ಊರಲ್ಲಿ ಶಂಖದ ಬಳೆ ತೊಟ್ಟವರನ್ನು
ಅವಳ ಅಜ್ಜಿಯ ಅಜ್ಜಿಯೂ ಕಂಡಿಲ್ಲ.

'ಯಾವಾಕೀದೋ ನನಗ ಕೊಟ್ಟೈತಿ.
ನಂದು ಯಾವಾಕಿಗೋ ಕೊಡ್ತೈತಿ.
ಬೆಳ್ಳಿ ಹೋಗಿ ಚಿಪ್ಪು! ಲುಕ್ಸಾನ ನಂದ.'
ಮತ್ತೆ ಗಂಟು ಹಾಕಿಕೊಂಡಳು, ಬಿಗಿಯಾಗಿ.

ಸಂಜೆ ಸಾಮಾನು ಕಟ್ಟುವಾಗ ಲೆಕ್ಕ ತಪ್ಪಿತು:
ಸೂತ್ರದ ತುದಿ ಖಾಲಿ, ಹಿತ್ತಾಳೆಯ ಗುಂಡು ಇಲ್ಲ.
ಬೋರಲು ಮಲಗಿ ಬಿರುಕಿಗೆ ಕಿವಿಯಿಟ್ಟೆ.
ಒಳಗಿನ ಗಾಳಿ ಕೆನ್ನೆಗೆ ತಣ್ಣಗೆ ತಾಗಿತು,
ಹಗೇವಿನ ಬಾಯಿ ತೆಗೆದ ಹಾಗೆ,
ಜೋಳದ ವಾಸನೆಯೊಂದು ಇರಲಿಲ್ಲ.

ಹದಿನಾರು ಅಂಕಣ ತುಂಬಿದ್ದವು.
ಕೊನೆಯದು, ಷರಾ.
ಬರೆದೆ:
ಕಾಲುಂಗುರ, ಬೆಳ್ಳಿ, ಒಂದು.
ಗುಂಡು, ಹಿತ್ತಾಳೆ, ಒಂದು.
ಆಳ ತಿಳಿದುಬಂದಿಲ್ಲ.
ಬಾಕಿ ಬರತಕ್ಕದ್ದು.